ಸುಮ್ನೆ ಯಾರ್ ಮಾಡ್ತಾರೆ?

ಶೆಟ್ಟಿಕೊಪ್ಪದ ಹೋಟೆಲಿನ ಬೆಂಚಿನ ಮೇಲೆ ಎಂಥ ಚರ್ಚೆಯನ್ನೂ ಒಂದೇ ಏಟಿಗೆ ಮುಗಿಸಿಬಿಡುವ ಮಾತೊಂದಿದೆ: 'ಸುಮ್ನೆ ಯಾರ್ ಮಾಡ್ತಾರೆ ಮಾರಾಯ್ರೆ?' ಅಡಿಕೆ ರೇಟಿನ ವಿಷಯಕ್ಕೂ ಇದು ಸಲ್ಲುತ್ತದೆ, ಪಂಚಾಯ್ತಿ ಚುನಾವಣೆಗೂ ಸಲ್ಲುತ್ತದೆ. ಆದರೆ ಇದರ ಮೊನೆ ನಿಜವಾಗಿ ಹೊರಬರುವುದು ಗುರುವಾರ ಬೆಳಿಗ್ಗೆ. ಇಬ್ಬರು ಸಿಸ್ಟರುಗಳು ಬಸ್ಸಿಳಿದು, ಕೊಡೆ ಬಿಚ್ಚಿಕೊಂಡು, ಲೈನ್ ಮನೆಗಳ ಕಡೆ ಹೋಗುವ ಮಣ್ಣುರಸ್ತೆಗೆ ತಿರುಗುತ್ತಾರೆ. ಅವರು ಮರೆಯಾಗುವವರೆಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬ ಟೀ ಲೋಟ ಕೆಳಗಿಟ್ಟು ಆ ವಾಕ್ಯ ಹೇಳುತ್ತಾನೆ. ಉಳಿದವರು ತಲೆಯಾಡಿಸುತ್ತಾರೆ. ನಾನೂ ಎಷ್ಟೋ ಸಲ ಆಡಿಸಿದ್ದೇನೆ.

ಸಿಸ್ಟರುಗಳು ಹೋಗುವುದು ಒಬ್ಬ ಕೊನೆಗಾರನ ಮನೆಗೆ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಮರ ಹತ್ತಿದವನು ಜಾರಿ ಬಿದ್ದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮೂರು ವರ್ಷದಿಂದ ಅದೇ ಮಂಚ. ಹೋದ ಮಳೆಗಾಲದಲ್ಲಿ ಒಂದು ಗುರುವಾರ, ಏನೋ ಹಟಕ್ಕೆ ಬಿದ್ದು, ಅವರ ಹಿಂದೆಯೇ ನಾನೂ ಹೋದೆ. ಒಳಗೆ ಹೊಗೆ, ಒದ್ದೆ ಬಟ್ಟೆಯ ವಾಸನೆ, ಅದರ ಮೇಲೆ ಸ್ಪಿರಿಟ್ಟಿನ ಘಾಟು. ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದರು. ಬೆನ್ನಿನ ಕೆಳಗೆ, ಎಲುಬು ಹಾಸಿಗೆಗೆ ಒತ್ತುವ ಕಡೆ, ವೀಳ್ಯದೆಲೆಯಷ್ಟು ಅಗಲದ ಹುಣ್ಣು. ಹಿರಿಯ ಸಿಸ್ಟರು ಮಣ್ಣಿನ ನೆಲಕ್ಕೆ ಮೊಣಕಾಲೂರಿ ಹಳೆಯ ಬಟ್ಟೆ ಬಿಡಿಸಿ, ಹುಣ್ಣು ತೊಳೆದು, ಒರೆಸಿ, ಹೊಸ ಬಟ್ಟೆ ಕಟ್ಟುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ನನಗೆ ಐದೇ ನಿಮಿಷಕ್ಕೆ ಹೊಟ್ಟೆ ತೊಳೆಸಿತ್ತು, ಬಾಗಿಲಿಗೆ ಬಂದು ನಿಂತಿದ್ದೆ. ಗೋಡೆಯ ಮೇಲೆ ಹೊರನಾಡು ಅನ್ನಪೂರ್ಣೇಶ್ವರಿಯ ಕ್ಯಾಲೆಂಡರು. ಅದಕ್ಕೆ ಒಣಗಿದ ದಾಸವಾಳ.

ಅವರು ಹೊರಟ ಮೇಲೆ ಕೇಳಿದೆ: 'ಅವರ ದೇವ್ರ ವಿಷ್ಯ ಏನಾದ್ರೂ ಹೇಳ್ತಾರೇನೋ?'

'ಹೇಳ್ತಾರಲ್ಲ ಗೌಡ್ರೆ,' ಅಂದ. 'ಎರಡು ತಾಸಿಗೊಂದ್ಸಲ ಮಗ್ಗುಲು ಬದ್ಲಾಯ್ಸು ಅಂತಾರೆ.'

ನಾನು ಕ್ರೈಸ್ತನಲ್ಲ, ಆಗುವ ವಿಚಾರವೂ ಇಲ್ಲ. ಆದರೆ ಆ ದಿನದಿಂದ ಹೋಟೆಲಿನ ಆ ವಾಕ್ಯ ನನಗೆ ಸುಳ್ಳು ಮಾತ್ರವಲ್ಲ, ಹೇಸಿಗೆಯದು ಎಂದೂ ಅನ್ನಿಸತೊಡಗಿದೆ. ಇದನ್ನು ಹೇಳಲು ನಮ್ಮ ಕಡೆಯ ದಾರಿಗಳಿಗೆ ತೀರಾ ಹೊರಗಿನವನಲ್ಲದ ಒಬ್ಬ ಸಂತನ ಕತೆ ಬೇಕು.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. ಕೊಂಕಣಿ ಮನೆಮಾತಿನ, ಸಾರಸ್ವತ ಬ್ರಾಹ್ಮಣ ಮೂಲದ ಕುಟುಂಬ. 'ಪಾದ್ರಿ' ಎಂದೊಡನೆ ನಮ್ಮ ಬೆಂಚಿನವರ ಕಣ್ಣಿಗೆ ಕಟ್ಟುವ ಬಿಳಿತೊಗಲಿನ, ಹಡಗಿನಿಂದ ಇಳಿದ, ಚೀಲ ತುಂಬ ಹಣವಿರುವ ಮನುಷ್ಯ ಇವನಲ್ಲ. ಯುರೋಪಿನ ಪಾದ್ರಿಸಂಘಗಳು ಈ ನೆಲದವರನ್ನು ತಮ್ಮೊಳಗೆ ಸೇರಿಸಿಕೊಳ್ಳಲು ಒಪ್ಪದ ಕಾಲವದು. ಅದಕ್ಕೇ ಗೋವೆಯ ದೇಶೀ ಪಾದ್ರಿಗಳು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. 1685ರಲ್ಲಿ ವಾಜ್ ಅದನ್ನು ಸೇರಿ ಅದರ ಮುಖ್ಯಸ್ಥನಾದ.

ಅದಕ್ಕೂ ಮುಂಚೆ, 1681ರಿಂದ 1684ರವರೆಗೆ, ಅವನು ನಮ್ಮ ಘಟ್ಟದ ಕೆಳಗಿದ್ದ. ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು ಎಂದು ಬರಿಗಾಲಿನಲ್ಲಿ ತಿರುಗಿದ. ಆಗ ಆ ಕರಾವಳಿಯೂ ನಮ್ಮ ಈ ಮಲೆನಾಡೂ ಒಂದೇ ಅರಸಿಯ ಆಳ್ವಿಕೆಯಲ್ಲಿದ್ದವು: ಬಿದನೂರಿನಿಂದ ಆಳುತ್ತಿದ್ದ ಕೆಳದಿ ಚೆನ್ನಮ್ಮಾಜಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳೆಂದು ನಾವು ಶಾಲೆಯಲ್ಲಿ ಓದಿದ ಅದೇ ಚೆನ್ನಮ್ಮಾಜಿ. ವೀರಶೈವ ಅರಸಿಯ ನಾಡಿನಲ್ಲಿ ಕೊಂಕಣಿ ಪಾದ್ರಿ ಇಗರ್ಜಿ ಕಟ್ಟಿಸಿದ, ಮಕ್ಕಳಿಗೆ ಅಕ್ಷರ ಹೇಳಿಸಿದ, ದಿಕ್ಕಿಲ್ಲದವರನ್ನು ನೋಡಿಕೊಂಡ. ಅವನು ನೋಡಿಕೊಂಡ ಜನ ಯಾರು? ಬಹುಪಾಲು ಗೋವೆಯಿಂದ ಓಡಿಬಂದವರು. ಬರಗಾಲ, ತೆರಿಗೆ, ಯುದ್ಧ, ಜತೆಗೆ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ಭಯ, ಎಲ್ಲ ಸೇರಿ ಅಟ್ಟಿದ್ದರಿಂದ ಕೆಳದಿಯ ನಾಡಿಗೆ ಬಂದು ಗದ್ದೆ ಮಾಡಿಕೊಂಡವರು.

ಇಲ್ಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಬೆಂಚಿನವರು ನನ್ನನ್ನು ಬಿಡುವುದಿಲ್ಲ. ಗೋವೆಯಲ್ಲಿ ಪೋರ್ಚುಗೀಸರು ದೇವಸ್ಥಾನ ಕೆಡವಿದ್ದು ನಿಜ. 1560ರಲ್ಲಿ ಶುರುವಾದ ಆ ವಿಚಾರಣೆ ಜನರನ್ನು ಕಾಡಿದ್ದೂ ನಿಜ. ರಾಜ್ಯಾಧಿಕಾರ ಕೈಯಲ್ಲಿಟ್ಟುಕೊಂಡು ಧರ್ಮ ಬದಲಿಸುವುದು ದಬ್ಬಾಳಿಕೆ, ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಆ ಇತಿಹಾಸವನ್ನು ತಂದು ಹುಣ್ಣು ತೊಳೆಯುವವಳ ತಲೆಗೆ ಕಟ್ಟುವುದು ಯಾವ ನ್ಯಾಯ? ಅಧಿಕಾರವಿದ್ದವನು ಮಾಡಿದ್ದಕ್ಕೂ ಏನೂ ಇಲ್ಲದವನು ಮಾಡಿದ್ದಕ್ಕೂ ಇರುವ ವ್ಯತ್ಯಾಸ ವಾಜ್‌ನ ಮುಂದಿನ ಬದುಕಿನಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

1687ರಲ್ಲಿ ಅವನು ಜಾನ್ ಎಂಬ ಒಬ್ಬ ಸೇವಕನನ್ನು ಕರೆದುಕೊಂಡು ತೂತುಕುಡಿಯಿಂದ ಸಿಂಹಳಕ್ಕೆ ದೋಣಿ ಹತ್ತಿದ. ಪಾದ್ರಿಯ ಉಡುಪಿನಲ್ಲಲ್ಲ, ಕೂಲಿಯವನ ವೇಷದಲ್ಲಿ. ಪೋರ್ಚುಗೀಸರನ್ನು ಅಲ್ಲಿಂದ ಡಚ್ಚರು 1658ರಲ್ಲೇ ಹೊರಹಾಕಿದ್ದರು, ಕ್ಯಾಥೊಲಿಕ್ ಪೂಜೆಯನ್ನು ನಿಷೇಧಿಸಿದ್ದರು. ಯಾಳ್ಪಾಣದಲ್ಲಿ, ಅಂದರೆ ಜಾಫ್ನಾದಲ್ಲಿ, ಇಳಿದವನಿಗೆ ಮೊದಲು ಸಿಕ್ಕಿದ್ದು ರಕ್ತಭೇದಿ. ಎದ್ದು ಓಡಾಡುವಂತಾದ ಮೇಲೆ ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡಿದ. ಕೊರಳಲ್ಲಿ ಒಂದು ಜಪಮಾಲೆ. ಅದನ್ನು ಕಂಡು ಯಾರ ಮುಖ ಬದಲಾಗುತ್ತದೋ ಅವರು ತನ್ನವರೆಂದು ಗುರುತು ಹಿಡಿಯುವುದು.

ಮತಾಂತರಕ್ಕೆ ಒಡ್ಡುವ ಆಮಿಷವೆಂದು ಬೆಂಚಿನವರು ಹೇಳುವುದನ್ನು ನೋಡಬೇಕಾದರೆ ಆ ಕಾಲದ ಡಚ್ಚರನ್ನು ನೋಡಿ. ಅವರ ಪ್ರಾಟೆಸ್ಟೆಂಟ್ ಪಂಥದ ದೀಕ್ಷೆ ಪಡೆದವನಿಗಷ್ಟೇ ಕಂಪನಿಯ ಕೈಕೆಳಗೆ ಅಧಿಕಾರದ ಹುದ್ದೆ. ಜನ ಸಾಲುಗಟ್ಟಿ ದೀಕ್ಷೆ ಪಡೆದರು. ಮನೆಯಲ್ಲಿ ತಮ್ಮ ತಮ್ಮ ದೇವರನ್ನೇ ಪೂಜಿಸಿಕೊಂಡರು. ಡಚ್ಚರು ಹೋದರು, ಆ ದೀಕ್ಷೆಯೂ ಮಂಜಿನಂತೆ ಕರಗಿತು. ಹುದ್ದೆಯಿಂದ ಕೊಂಡ ಭಕ್ತಿ ಹುದ್ದೆಯ ಜತೆಗೇ ಹೋಗುತ್ತದೆ. ಭಿಕ್ಷೆ ಬೇಡುತ್ತಿದ್ದ ವಾಜ್ ಕೊಡಬಹುದಾದ ಆಮಿಷ ಯಾವುದು? ಅವನನ್ನು ಒಳಗೆ ಕರೆದುಕೊಂಡವರಿಗೆ ಸಿಗುತ್ತಿದ್ದುದು ದಂಡ, ಸೆರೆಮನೆ.

1692ರಲ್ಲಿ ಅವನು ಗುಡ್ಡಗಾಡಿನ ಕ್ಯಾಂಡಿಗೆ ಹೋದ. ಅಲ್ಲಿ ಆಳುತ್ತಿದ್ದವನು ಎರಡನೇ ವಿಮಲಧರ್ಮಸೂರಿಯ ಎಂಬ ಬೌದ್ಧ ಅರಸ. ಪೋರ್ಚುಗೀಸರ ಗೂಢಚಾರನೆಂಬ ಅನುಮಾನದ ಮೇಲೆ ವಾಜ್‌ನನ್ನು ಸೆರೆಗೆ ಹಾಕಿದರು, ಮುಂದೆ ಬಿಟ್ಟರು. ಅನುಮಾನದವರು ಎಲ್ಲ ಕಾಲದಲ್ಲೂ ಇದ್ದಾರೆ, ಕ್ಯಾಂಡಿಯ ಬೀದಿಯಲ್ಲೂ ಟೀ ಹೋಟೆಲಿನಂಥದೇನೋ ಇದ್ದಿರಬೇಕು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಸಿಡುಬು ಅಂದರೇನೆಂದು ಮಲೆನಾಡಿನ ಹಳೆಯ ತಲೆಮಾರಿಗೆ ಹೇಳಬೇಕಾಗಿಲ್ಲ. ನನ್ನ ಅಜ್ಜಿ ಆ ಹೆಸರನ್ನೇ ಬಾಯಿಂದ ಆಡುತ್ತಿರಲಿಲ್ಲ, 'ಅಮ್ಮ ಬಂದಿದ್ಲು' ಎನ್ನುತ್ತಿದ್ದಳು. ಅಮ್ಮ ಬಂದವರನ್ನು ಹಾಡಿಯ ಅಂಚಿನ ಗುಡಿಸಲಿನಲ್ಲಿ ಬಿಟ್ಟು, ಗಂಜಿಯನ್ನು ದೂರದಲ್ಲಿಟ್ಟು ಕೂಗಿ ಹೇಳಿ ಓಡಿಬರುತ್ತಿದ್ದರಂತೆ. ಕ್ಯಾಂಡಿಯಲ್ಲೂ ಅದೇ ಆಯಿತು. ಅರಸ ಊರು ಬಿಟ್ಟ, ಸಿರಿವಂತರು ಊರು ಬಿಟ್ಟರು. ಮನೆಯವರೇ ರೋಗಿಗಳನ್ನು ಕಾಡಿಗೆ ಹಾಕಿಬಂದರು. ಉಳಿದವರು ವಾಜ್, ಮತ್ತೆ ಅವನ ಸೋದರಳಿಯನಾದ ಜೋಸೆಫ್ ಕಾರ್ವಾಲೊ ಎಂಬ ಪಾದ್ರಿ. ಖಾಲಿ ಬಿದ್ದ ಮನೆಗಳನ್ನೇ ಆಸ್ಪತ್ರೆ ಮಾಡಿಕೊಂಡರು, ಕಾಡಿನಿಂದ ರೋಗಿಗಳನ್ನು ಹೊತ್ತು ತಂದರು, ಕೀವು ತೊಳೆದರು, ಗಂಜಿ ಕುಡಿಸಿದರು. ಸತ್ತವರಿಗೆ ತಾವೇ ಗುಂಡಿ ತೋಡಿದರು. ರೋಗಿ ಬೌದ್ಧನೋ ಕ್ರೈಸ್ತನೋ ಎಂದು ನೋಡಲಿಲ್ಲ.

ಈಗ ನಮ್ಮ ಬೆಂಚಿನ ಲೆಕ್ಕವನ್ನು ಇಲ್ಲಿ ಹಾಕಿ ನೋಡೋಣ. ನಾಳೆ ಸಾಯುವವನನ್ನು ಇವತ್ತು ಮತಾಂತರ ಮಾಡಿ ಯಾವ ಮತದ ಸಂಖ್ಯೆ ಹೆಚ್ಚಿತು? ಅಂಟುವ ರೋಗದವನ ಪಕ್ಕ ವಾರಗಟ್ಟಲೆ ಕೂರುವವನಿಗೆ ಯಾವ ಲಾಭದ ಆಸೆ ಅಷ್ಟು ಧೈರ್ಯ ಕೊಡುತ್ತದೆ? ಆ ಅರಸನ ಕತೆಯನ್ನೂ ಕೇಳಿ. ಅವನು ವಾಜ್‌ನನ್ನು ಮೆಚ್ಚಿದ, ನಾಡಿನಲ್ಲಿ ಎಲ್ಲಿ ಬೇಕಾದರೂ ತಿರುಗಿ ಉಪದೇಶ ಮಾಡಲು ಬಿಟ್ಟ. ಆದರೆ ಸ್ವತಃ ಕ್ರೈಸ್ತನಾಗಲಿಲ್ಲ. ಅದೇ ಕಾಲದಲ್ಲಿ ಅವನು ಬರ್ಮಾ ಕಡೆಯ ಅರಕಾನಿಗೆ ರಾಯಭಾರ ಕಳಿಸಿ, ಅಲ್ಲಿಂದ ಭಿಕ್ಷುಗಳನ್ನು ಕರೆಸಿ, ತನ್ನ ನಾಡಿನಲ್ಲಿ ಕ್ಷೀಣಿಸಿದ್ದ ಬೌದ್ಧ ಸಂಘದ ಉಪಸಂಪದಾ ದೀಕ್ಷೆಯನ್ನು ಮತ್ತೆ ನಡೆಸಿದ. ಒಬ್ಬ ಪಾದ್ರಿಯ ಸೇವೆಯನ್ನು ಮೆಚ್ಚಿದ ಅರಸ ತನ್ನ ಧರ್ಮವನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡ. ಇಬ್ಬರಿಗೂ ಇದರಲ್ಲಿ ಏನೂ ತೊಡಕು ಕಾಣಲಿಲ್ಲ. ಮುನ್ನೂರು ವರ್ಷದ ನಂತರ ಎಲ್.ಇ.ಡಿ. ಬಲ್ಬಿನ ಕೆಳಗೆ ಕೂತ ನಮಗೆ ಕಾಣುತ್ತದೆ.

'ಅವನು ಮತಪ್ರಚಾರಕನಲ್ಲವೇ?' ಹೌದು. ವಾಜ್‌ಗೆ ಕಾರಣವಿತ್ತು. ತನ್ನ ದೇವರ ವಿಷಯ ಎಲ್ಲರಿಗೂ ಹೇಳಬೇಕೆಂದು ಹೊರಟವನು ಅವನು. ಅದನ್ನು ಅವನು ಯಾವತ್ತೂ ಮುಚ್ಚಿಟ್ಟವನಲ್ಲ. ಇಲ್ಲಿಯೇ ಅವನ ಪರವಾಗಿ ಮಾತಾಡುವವರೂ ತಪ್ಪುತ್ತಾರೆ. 'ನಮಗೆ ಯಾವ ಉದ್ದೇಶವೂ ಇಲ್ಲ, ಬರೀ ಸೇವೆ' ಎಂದು ಅವರು ಕೈಮುಗಿದು ನಿಲ್ಲುತ್ತಾರೆ. ಯಾಕೆ ಹಾಗನ್ನಬೇಕು? ಉದ್ದೇಶವಿಲ್ಲದೆ ಜಗತ್ತಿನಲ್ಲಿ ಯಾರು ಏನು ಮಾಡಿದ್ದಾರೆ? ಮಂಗನ ಕಾಯಿಲೆಯ ಕಾಲದಲ್ಲಿ ಮನೆಮನೆಗೆ ಡೆಪಾ ಎಣ್ಣೆ ಹೊತ್ತು ತರುವ ಆಶಾ ಕಾರ್ಯಕರ್ತೆಗೆ ಗೌರವಧನ ಬರುತ್ತದೆ. ಅದು ಅವಳ ಹಕ್ಕು, ಕೊಡುವುದು ಕಡಿಮೆಯೇ ಆಯಿತು. ಅವಳ ಕೆಲಸವನ್ನು ನಾವು ಆಮಿಷ ಅನ್ನುವುದಿಲ್ಲ. ದುಡ್ಡಿಗಾಗಿ ಮಾಡಿದರೆ ಸರಿ, ಪುಣ್ಯಕ್ಕಾಗಿ ಮಾಡಿದರೂ ಸರಿ, ಓಟಿಗಾಗಿ ಮಾಡಿದರೆ ಬ್ಯಾನರ್ ಕಟ್ಟುತ್ತೇವೆ. ಒಬ್ಬಳು ತನ್ನ ಏಸುವಿಗಾಗಿ ಮಾಡುತ್ತೇನೆ ಅಂದರೆ ಮಾತ್ರ ಕಣ್ಣು ಕಿರಿದಾಗುತ್ತದೆ.

ಶೆಟ್ಟಿಕೊಪ್ಪದಿಂದ ಬಸ್ ಹತ್ತಿದರೆ ನಾಲ್ಕೂ ದಿಕ್ಕಿಗೆ ಅನ್ನ ಹಾಕುವ ಜಾಗಗಳು. ಶೃಂಗೇರಿಯಲ್ಲಿ ಶಾರದೆಯ ಸನ್ನಿಧಿಯ ಊಟ, ಹೊರನಾಡಿನಲ್ಲಿ ಅನ್ನಪೂರ್ಣೆಯ ಪಂಕ್ತಿ, ಬಾಳೆಹೊನ್ನೂರಿನ ರಂಭಾಪುರಿ ಪೀಠದಲ್ಲಿ ದಾಸೋಹ. ನರಸಿಂಹರಾಜಪುರದ ಪಕ್ಕದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ. ಜೈನರು ಹೇಳುವ ಚತುರ್ವಿಧ ದಾನವನ್ನು ಒಮ್ಮೆ ನೆನೆಸಿಕೊಳ್ಳಿ: ಆಹಾರ, ಅಭಯ, ಔಷಧ, ಶಾಸ್ತ್ರ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಹೆದರಿದವನಿಗೆ ಆಸರೆ, ಅದೇ ಸಾಲಿನಲ್ಲಿ ಧರ್ಮದ ತಿಳಿವಳಿಕೆ. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದವರು ನಮ್ಮವರು. ಮದ್ದಿನ ಜತೆ ಶಾಸ್ತ್ರ ಕೊಡುವುದು ಈ ನೆಲಕ್ಕೆ ಹೊಸದೇ? ಶರಣರು ದಾಸೋಹಕ್ಕೆ ಕರೆದಾಗ ಉಂಡವರಲ್ಲಿ ಎಷ್ಟೋ ಜನ ಲಿಂಗ ಕಟ್ಟಿಕೊಂಡರು. ಅದನ್ನು ನಾವು ಚಳವಳಿ ಎಂದು ಕರೆದು ಪಠ್ಯದಲ್ಲಿ ಇಟ್ಟಿದ್ದೇವೆ, ಇಟ್ಟದ್ದು ಸರಿಯೇ. ಪಂಕ್ತಿಯಲ್ಲಿ ಕೂತು ಉಂಡವನಿಗೆ ಬಡಿಸಿದವರ ದೇವರ ಮೇಲೆ ಭಕ್ತಿ ಹುಟ್ಟಿದರೆ ಅದು ಶೃಂಗೇರಿಯಲ್ಲಿ ಪುಣ್ಯ, ಲೈನ್ ಮನೆಯಲ್ಲಿ ಪಿತೂರಿ. ಹೀಗೆ ಎರಡು ತಕ್ಕಡಿ ಇಟ್ಟುಕೊಂಡು ಅಡಿಕೆ ಮಾರಲು ಹೋದರೆ ಮಂಡಿಯವನು ಅಂಗಳದಿಂದಲೇ ಓಡಿಸುತ್ತಾನೆ.

ಇಷ್ಟಾದರೂ ಇದು ಸಂತನ ಮೇಲಿನ ಅನ್ಯಾಯ. ಅದು ಅವನಿಗೆ ತಾಗುವುದಿಲ್ಲ, ಸತ್ತು ಮುನ್ನೂರು ವರ್ಷ ದಾಟಿದೆ. ಆ ವಾಕ್ಯ ನಿಜವಾಗಿ ಬಡಿಯುವುದು ಮಂಚದ ಮೇಲಿರುವವನಿಗೆ. 'ಆಮಿಷಕ್ಕೆ ಬೀಳ್ತಾರೆ' ಅಂದರೆ ಏನರ್ಥ? ಬಡವನಿಗೆ ಸ್ವಂತ ಬುದ್ಧಿಯಿಲ್ಲ, ಒಂದು ಸೇರು ಅಕ್ಕಿಗೆ, ಒಂದು ಸುರುಳಿ ಬ್ಯಾಂಡೇಜಿಗೆ ದೇವರನ್ನು ಮಾರಿಬಿಡುತ್ತಾನೆ ಎಂದು. ಮಂಗಳೂರಿನ ಕಂಕನಾಡಿಯಲ್ಲಿ ಆಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿ 1880ರಲ್ಲಿ ಬಡವರಿಗೆಂದು ಹೋಮಿಯೋಪತಿ ಔಷಧಾಲಯ ತೆರೆದ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ. ಇವತ್ತು ಫಾದರ್ ಮುಲ್ಲರ್ ಆಸ್ಪತ್ರೆಗೆ ಘಟ್ಟ ಇಳಿದು ಹೋಗುವ ನಮ್ಮ ಕಡೆಯ ಜಮೀನುದಾರರು ಗುಣವಾಗಿ ಅದೇ ಕುಂಕುಮ, ಅದೇ ಜನಿವಾರದಲ್ಲಿ ಮನೆಗೆ ಬರುತ್ತಾರೆ. ನಮ್ಮ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡರೆ ನಮ್ಮ ನಂಬಿಕೆಗೆ ಏನೂ ಆಗುವುದಿಲ್ಲ. ಕೂಲಿಯವನ ಬೆನ್ನಿಗೆ ಹತ್ತಿ ಇಟ್ಟರೆ ಅವನ ನಂಬಿಕೆ ಹಾರಿಹೋಗುತ್ತದೆ!

ಈ ತಾತ್ಸಾರ ಹೋಟೆಲಿನಲ್ಲೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2022ರಲ್ಲಿ ಕರ್ನಾಟಕ ತಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಅದು ಕಲಮುಗಳಾಗಿ ಅಚ್ಚಾಯಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ ಅದು 'ಆಮಿಷ'ದ ಪಟ್ಟಿಗೆ ಸೇರಿಸಿತು. ಶಿಕ್ಷೆಯ ಕಲಮು ಇನ್ನೂ ಚೆನ್ನಾಗಿದೆ. ಸಾಮಾನ್ಯ ಪ್ರಕರಣಕ್ಕೆ ಮೂರರಿಂದ ಐದು ವರ್ಷ. ಮತಾಂತರಗೊಂಡವರು ಅಪ್ರಾಪ್ತರೋ, ಬುದ್ಧಿ ಸ್ವಾಧೀನದಲ್ಲಿಲ್ಲದವರೋ, ಮಹಿಳೆಯೋ, ಪರಿಶಿಷ್ಟ ಜಾತಿ ಪಂಗಡದವರೋ ಆದರೆ ಹತ್ತು ವರ್ಷದವರೆಗೆ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಎಂ.ಎ. ಓದಿದ ಹೆಂಗಸು, ಐವತ್ತು ವರ್ಷದ ದಲಿತ ಮೇಷ್ಟರು, ಇವರು ಕೂತಿರುವುದು ಎಳೆಮಕ್ಕಳ ಮತ್ತು ಬುದ್ಧಿ ತಪ್ಪಿದವರ ಸಾಲಿನಲ್ಲಿ. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂತೆಗೆಯಲು ತೀರ್ಮಾನಿಸಿತು. ಕಾಯ್ದೆಯನ್ನು ಹಿಂತೆಗೆಯಬಹುದು, ಅದನ್ನು ಬರೆಸಿದ ಮನಸ್ಸನ್ನು ಯಾವ ಸಂಪುಟ ಹಿಂತೆಗೆದೀತು?

ಅಂಕಿ ಬೇಕೆನ್ನುವವರಿಗೆ ಜನಗಣತಿ ಇದೆ. 2001ರಲ್ಲಿ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.91, 2011ರಲ್ಲಿ ಶೇ. 1.87. ವಾಜ್ ಕರಾವಳಿಗೆ ಕಾಲಿಟ್ಟು ಮುನ್ನೂರ ಮೂವತ್ತು ವರ್ಷ ಕಳೆದು, ಅಷ್ಟೊಂದು ಶಾಲೆ ಆಸ್ಪತ್ರೆಗಳಾಗಿ, ಬಂದ ಫಲ ಇದು. ಮತಾಂತರವೇ ಈ ಸೇವೆಯ ವ್ಯಾಪಾರವಾಗಿದ್ದರೆ ಇದರಷ್ಟು ನಷ್ಟದ ವ್ಯಾಪಾರ ಇನ್ನೊಂದಿಲ್ಲ, ಎಂದೋ ಅಂಗಡಿ ಮುಚ್ಚಬೇಕಿತ್ತು.

2015ರ ಫೆಬ್ರುವರಿಯಲ್ಲಿ ರಾಜಸ್ಥಾನದ ಭರತ್‌ಪುರದಲ್ಲಿ ಆರೆಸ್ಸೆಸ್ಸಿನ ಮೋಹನ್ ಭಾಗವತ್ ಅವರು ಮದರ್ ತೆರೆಸಾರ ಸೇವೆಯ ಹಿಂದೆ ಮತಾಂತರದ ಉದ್ದೇಶವಿತ್ತು ಎಂದರು. ಹೋಟೆಲಿನ ವಾಕ್ಯ ದೊಡ್ಡ ವೇದಿಕೆ ಹತ್ತಿದ್ದು ಹಾಗೆ. ನನಗೆ ತೆರೆಸಾ ಪ್ರಶ್ನಾತೀತರಲ್ಲ. 1994ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ರಾಬಿನ್ ಫಾಕ್ಸ್ ಕಲ್ಕತ್ತೆಯ ಅವರ ಮನೆಯನ್ನು ನೋಡಿ ಬಂದು, ರೋಗ ಪತ್ತೆ ಮಾಡುವ ಕ್ರಮ ಸರಿಯಿಲ್ಲ, ತೀವ್ರ ನೋವಿಗೆ ತಕ್ಕ ಮದ್ದಿಲ್ಲ ಎಂದು ಬರೆದರು. ಅದು ಪ್ರಶ್ನೆ! ಅದು ರೋಗಿಯ ಮಂಚದ ಪಕ್ಕ ನಿಂತು ಕೇಳಿದ್ದು. ಹುಣ್ಣನ್ನು ಸರಿಯಾಗಿ ತೊಳೆದರೇ, ಹಣ ಎಲ್ಲಿಗೆ ಹೋಯಿತು, ಇಂಥವನನ್ನು ನೋಡಿಕೊಳ್ಳಬೇಕಾದ ಸರ್ಕಾರ ಎಲ್ಲಿದೆ, ಕೊನೆಗಾರನಿಗೆ ವಿಮೆ ಮಾಡಿಸದ ತೋಟದ ಯಜಮಾನ ಯಾರು? ಎಷ್ಟು ಬೇಕಾದರೂ ಕೇಳೋಣ. ಆದರೆ ಈ ಪ್ರಶ್ನೆಗಳಲ್ಲಿ ಕೊನೆಯದು ಬೆಂಚಿನ ಮೇಲೆ ಕೂತವರ ಕಡೆಗೇ ತಿರುಗುತ್ತದೆ ನೋಡಿ. 'ಸುಮ್ನೆ ಯಾರ್ ಮಾಡ್ತಾರೆ' ಎಂಬುದು ಅದನ್ನು ತಪ್ಪಿಸಿಕೊಳ್ಳುವ ಉಪಾಯ. ಮಾಡುವವರೆಲ್ಲ ಕಳ್ಳರಾದರೆ ಮಾಡದ ನಾವು ಪ್ರಾಮಾಣಿಕರು!

ಇಗರ್ಜಿಯವರಿಗೂ ಒಂದು ಮಾತಿದೆ. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ವಾಜ್‌ನ ಪುಣ್ಯಕ್ಷೇತ್ರವಿದೆ. ಅಲ್ಲಿ ಅವನಿಂದಾಗಿ ಬೆಟ್ಟದಲ್ಲಿ ನೀರು ಚಿಮ್ಮಿತೆಂಬ ಐತಿಹ್ಯಕ್ಕೇ ಮೊದಲ ಮಣೆ. ಜನ ಹೋಗುತ್ತಾರೆ, ನೀರು ತರುತ್ತಾರೆ, ಹರಕೆ ಹೇಳಿಕೊಳ್ಳುತ್ತಾರೆ. ಸಿಡುಬಿನ ಗುಂಡಿ ತೋಡಿದ ಕತೆ ಎಷ್ಟು ಜನಕ್ಕೆ ಗೊತ್ತೋ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವನನ್ನು ಸಂತನೆಂದು ಸಾರಿದಾಗ, ನಿಯಮದಂತೆ ಬೇಕಾಗಿದ್ದ ಎರಡನೆಯ ಪವಾಡವನ್ನು ಬೇಡವೆಂದು ಬಿಟ್ಟರು. ನೀವೇ ಪವಾಡದ ಹಿಂದೆ ಬಿದ್ದು, ಆ ಮನುಷ್ಯನ ಕೈಗೆ ಅಂಟಿದ್ದ ಮಣ್ಣನ್ನು ಒರೆಸಿ ಅವನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ, ಬೆಂಚಿನವರಿಗೆ ಅವನ ಕೆಲಸ ಕಾಣಿಸುವುದಾದರೂ ಹೇಗೆ?

ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡ. ಸಿಂಹಳಕ್ಕೆ ಹೋದವನು ಇಪ್ಪತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಊರಿಗೆ ಮರಳಿರಲಿಲ್ಲ.

ಕೊನೆಗಾರನ ಹುಣ್ಣು ಈಗ ಎರಡು ರೂಪಾಯಿ ನಾಣ್ಯದಷ್ಟಾಗಿದೆ. ಕ್ಯಾಲೆಂಡರು ಬದಲಾಗಿದೆ, ಈ ವರ್ಷದ್ದೂ ಅನ್ನಪೂರ್ಣೇಶ್ವರಿಯದೇ. ಸಿಸ್ಟರುಗಳ ಉದ್ದೇಶವನ್ನು ಪರೀಕ್ಷೆ ಮಾಡಬೇಕೆನ್ನುವವರು ಗುರುವಾರ ಹತ್ತೂವರೆಗೆ ಹೋಟೆಲಿನ ಹತ್ತಿರ ಬನ್ನಿ, ನಾನೂ ಇರುತ್ತೇನೆ, ಒಟ್ಟಿಗೆ ಹೋಗೋಣ. ಅವನನ್ನು ಮಗ್ಗುಲಿಗೆ ಹೊರಳಿಸಲು ಇನ್ನೊಂದು ಜತೆ ಕೈ ಬೇಕಾಗುತ್ತದೆ. ಬರುವಾಗ ಹಳೆಯ ಹತ್ತಿಪಂಚೆ ಇದ್ದರೆ ಒಗೆದು, ಒಣಗಿಸಿ ತನ್ನಿ, ಈ ಮಳೆಯಲ್ಲಿ ಹಾಸಲು ಒಣಬಟ್ಟೆಯೇ ಸಾಲುತ್ತಿಲ್ಲ.